ಟಿ.ಸಿ. ಬರೆಯುವ ಮುನ್ನ ಆ ತಾಯಿಗೊಂದು ಅರ್ಜಿ ಕೊಡಿ

ಮಾನ್ಯ ಸಂಪಾದಕರೇ,

ಒಂಬತ್ತನೇ ತರಗತಿಯ ಹುಡುಗ ಕ್ಲಾಸು ತಪ್ಪಿಸಿ ಬಸ್ ಸ್ಟ್ಯಾಂಡಿನಲ್ಲಿ ಕೂರುತ್ತಾನೆ, ಮೇಷ್ಟ್ರಿಗೆ ಎದುರು ಮಾತಾಡುತ್ತಾನೆ. ಶಾಲೆಯಿಂದ ಫೋನ್ ಹೋಗುವ ಹೊತ್ತಿಗೆ ಅವನನ್ನು ಒಬ್ಬಳೇ ಸಾಕುತ್ತಿರುವ ತಾಯಿ ಮೂರನೇ ಮನೆಯ ಪಾತ್ರೆ ತೊಳೆಯುತ್ತಿರುತ್ತಾಳೆ. ಮರುದಿನ ಕೆಲಸ ಬಿಟ್ಟು ಬಂದವಳಿಗೆ ಸ್ಟಾಫ್ ರೂಮಿನಲ್ಲಿ, ಮಗನ ಎದುರೇ, 'ಗಂಡು ದಿಕ್ಕಿಲ್ಲದ ಮನೆ, ಇನ್ನೇನಾಗುತ್ತೆ' ಎಂಬ ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಡುತ್ತದೆಂಬ ಭಯಕ್ಕೆ ಕೆಲವು ಶಾಲೆಗಳು ಟಿ.ಸಿ.ಯನ್ನೂ ಕೈಗಿಡುತ್ತವೆ.

ಆ ಟಿ.ಸಿ.ಯಿಂದ ಅವಳಿಗೆ ಸಿಗಬೇಕಾದ ನೆರವೂ ಕೈತಪ್ಪಬಹುದು. ಮಕ್ಕಳ ರಕ್ಷಣೆಗೆಂದಿರುವ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಯೋಜನೆಯಿದೆ: ವಿಧವೆ, ವಿಚ್ಛೇದಿತೆ ಅಥವಾ ಮನೆಯವರು ಕೈಬಿಟ್ಟ ತಾಯಿಯ ಮಕ್ಕಳಿಗೆ 18 ತುಂಬುವವರೆಗೆ ತಿಂಗಳಿಗೆ 4,000 ರೂಪಾಯಿ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ತಾಯಿ-ಮಗನ ಆಧಾರ್, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಜೋಡಿಸಿಟ್ಟುಕೊಳ್ಳಬೇಕು. ಹುಡುಗ ಶಾಲೆ ಬಿಟ್ಟಿದ್ದರೆ ವ್ಯಾಸಂಗ ಪತ್ರ ಯಾರು ಕೊಡುತ್ತಾರೆ? ಗಂಡ ಬಿಟ್ಟುಹೋದವಳ ಪಾಡು ಇನ್ನೂ ಕಷ್ಟ. ಅವಳ ಬಳಿ ಮರಣಪತ್ರವೂ ಇಲ್ಲ, ಕೋರ್ಟಿನ ಆದೇಶವೂ ಇಲ್ಲ. ಅಂಥ ಕಡೆ ಘಟಕದ ಸಿಬ್ಬಂದಿ ಮನೆಗೆ ಬಂದು ಅಕ್ಕಪಕ್ಕ ವಿಚಾರಿಸಿ ಬರೆಯುವ ವರದಿಗೆ ಬೆಲೆ ಸಿಗಬೇಕು.

ಆದಾಯದ ಮಿತಿ ವರ್ಷಕ್ಕೆ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ. ಅಂದರೆ ಪಟ್ಟಣದಲ್ಲಿ ತಿಂಗಳಿಗೆ 8,000 ದಾಟಿದರೆ ಇಲ್ಲ. ಗಾರ್ಮೆಂಟ್ಸಿನಲ್ಲಿ ತಿಂಗಳು ಪೂರ್ತಿ ದುಡಿಯುವವಳು ಹೊರಗೇ ಉಳಿಯುತ್ತಾಳೆ. ಬೆಂಗಳೂರಿನ ಮನೆ ಬಾಡಿಗೆ ಗೊತ್ತಿದ್ದವರು ಈ ಮಿತಿಯನ್ನು ನ್ಯಾಯ ಎನ್ನಲಾರರು. ಏರಿಸಲೇಬೇಕು.

ನೆಂಟರಿಗೂ ಒಂದು ಮಾತು. ಅಪ್ಪನ ತಿಥಿಯ ದಿನವೇ ಹನ್ನೆರಡರ ಹುಡುಗನಿಗೆ 'ಇನ್ಮೇಲೆ ನೀನೇ ಮನೆ ಯಜಮಾನ' ಅನ್ನುತ್ತೀರಿ. ಹದಿನೈದಕ್ಕೆ ಅವನು ಯಜಮಾನಿಕೆ ಮಾಡಿದರೆ ಬೈಯುತ್ತೀರಿ. ಇತ್ತ ತಾಯಿ ಸುಸ್ತಾದ ರಾತ್ರಿ 'ನೀನೂ ಅಪ್ಪನ ಥರಾನೇ' ಅಂದುಬಿಡುತ್ತಾಳೆ; ಅಲ್ಲಿಗೆ ಅವನ ಬಾಯಿ ಮುಚ್ಚುತ್ತದೆ. ತಡವಾಗಿ ಬಂದವನಿಗೆ ಮೊದಲು ಊಟ ಬಡಿಸಿ, ಮಾತು ಬೆಳಗ್ಗೆಗಿರಲಿ. ಬೈಕಿನ ಕೀಲಿಯ ವಿಷಯದಲ್ಲಿ ಮಾತ್ರ ಸಡಿಲ ಬೇಡ: 18 ತುಂಬದವನು ಓಡಿಸಿ ಸಿಕ್ಕರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಬೀಳುವುದು ಪೋಷಕರಿಗೆ, ಗಾಡಿಯ ಮಾಲೀಕರಿಗೆ.

ಹುಡುಗ ಊಟ, ನಿದ್ದೆ ಬಿಟ್ಟರೆ, ಕೈ ಕೊಯ್ದುಕೊಂಡರೆ, ತಾಯಿಯ ಮೇಲೆ ಕೈ ಎತ್ತಿದರೆ ಅದನ್ನು ಬರೀ ಹಟ ಅನ್ನಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098.

ಮುಖ್ಯ ಶಿಕ್ಷಕರು ತಾಯಿಯನ್ನು ಸಂಜೆ ಏಳರ ಮೇಲೆ ಫೋನಿನಲ್ಲಿ ಮಾತಾಡಿಸಲಿ, ಅದೂ ಹಾಜರಾತಿ ಶೇ 75ಕ್ಕಿಂತ ಕೆಳಗಿಳಿಯುವ ಮುಂಚೆ. ಪ್ರಾಯೋಜಕತ್ವದ ಅರ್ಜಿ ನಮೂನೆ ಪ್ರತಿ ಪ್ರೌಢಶಾಲೆಯ ಕಚೇರಿಯಲ್ಲೂ ಸಿಗುವಂತೆ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಲಿ.

— ಪ್ರೌಢಶಾಲಾ ಶಿಕ್ಷಕಿಯರು, ತುಮಕೂರು