ಕತ್ತಿ ಅದ್ದಿ ನೋಡಿ ಕೇಳಿ: ವಿಜ್ಞಾನ ದಿನದ ಬಗ್ಗೆ ಹೆತ್ತವರಿಗೆ ಪತ್ರ

ಮಾನ್ಯ ಹೆತ್ತವರೇ, ರಕ್ಷಕರೇ,

ಫೆಬ್ರವರಿ 28, ಶನಿವಾರ ಬೆಳಿಗ್ಗೆ 9.30ಕ್ಕೆ ಶಾಲೆಯ ಸಭಾಂಗಣದಲ್ಲಿ ಮೂವರು ಸಂಶೋಧಕರು ನಿಮ್ಮೊಂದಿಗೆ ಮಾತನಾಡಲಿದ್ದಾರೆ. ಮಕ್ಕಳೊಂದಿಗೆ ಎಂದಲ್ಲ, ನಿಮ್ಮೊಂದಿಗೆ ಎಂದೇ ಬರೆದಿದ್ದೇನೆ. ಮಕ್ಕಳು ಪಕ್ಕದಲ್ಲಿ ಕೂತು ಕೇಳುತ್ತಾರೆ. ಒಬ್ಬರದು ಕ್ವಾಂಟಂ, ಒಬ್ಬರದು ನ್ಯಾನೋ, ಇನ್ನೊಬ್ಬರದು ಜೈವಿಕ ತಂತ್ರಜ್ಞಾನ. ಸಿ.ವಿ. ರಾಮನ್ ಅವರು 1928ರಲ್ಲಿ ಕೋಲ್ಕತ್ತದಲ್ಲಿ ತಮ್ಮ ಪರಿಣಾಮವನ್ನು ಕಂಡ ದಿನ ಇದೇ ಆದ್ದರಿಂದ ದೇಶವಿಡೀ ವಿಜ್ಞಾನ ದಿನ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿದೆ, ಹಾಗಾಗಿ ಹತ್ತನೆಯ ತರಗತಿಯ ಮಕ್ಕಳಿಗೆ ಒತ್ತಾಯವಿಲ್ಲ.

ಬರುವ ಸಂಶೋಧಕರಿಗೆ ನಮ್ಮ ಕರಾರು ಮೂರು. ಮಾತು ಕನ್ನಡದಲ್ಲಿ, 12 ನಿಮಿಷ ಮೀರದಂತೆ. ಪರದೆ, ಸ್ಲೈಡ್ ಬೇಡ. ಮೇಜಿನ ಮೇಲೆ ಒಂದು ವಸ್ತುವನ್ನಿಟ್ಟು ಅದನ್ನು ತೋರಿಸುತ್ತಲೇ ಹೇಳಬೇಕು. ಮಾತಿನ ಎರಡರಷ್ಟು ಹೊತ್ತು ಪ್ರಶ್ನೆಗೆ ಬಿಡಬೇಕು. ಕ್ವಾಂಟಂ, ಜೀನ್, ಲೇಸರ್ ಮುಂತಾದ ಪದಗಳನ್ನು ಹಾಗೆಯೇ ಹೇಳಲಿ, ಚಿಂತೆಯಿಲ್ಲ. ಉದ್ದದ ಸಮಾಸಪದ ಕಟ್ಟಿ ಕೇಳುವವರನ್ನು ಗಾಬರಿಪಡಿಸುವುದಕ್ಕಿಂತ ಅದೇ ವಾಸಿ.

ಪ್ರಶ್ನೆಗೆ ಇಷ್ಟು ಹೊತ್ತು ಯಾಕೆ ಎಂದರೆ, ಅಡಿಕೆಗೆ ಮದ್ದು ಬಿಡುವ ಮನೆಯವರಿಗೆ ಉತ್ತರ ಗೊತ್ತಿದೆ. ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿ ಆದ ಮೇಲೆ ಉಜ್ಜಿ ಹೊಳೆಯಿಸಿದ ಕತ್ತಿಯನ್ನು ಅದ್ದಿ ನೋಡುತ್ತೀರಿ. ತಾಮ್ರದ ಕೆಂಪು ಕತ್ತಿಗೆ ಹಿಡಿದರೆ ಸುಣ್ಣ ಸಾಲದು. ಹಾಗೇ ಬಿಟ್ಟರೆ ಕೊಳೆರೋಗಕ್ಕಿಂತ ಮೊದಲು ಮದ್ದೇ ಗಿಡವನ್ನು ಸುಡುತ್ತದೆ. ಸುಣ್ಣ ಒಳ್ಳೆಯದು ಎಂದು ಅಂಗಡಿಯವರು ಎಷ್ಟೇ ಹೇಳಿದರೂ ಕತ್ತಿ ಅದ್ದದೆ ಯಾರೂ ಮರ ಹತ್ತಿಸುವುದಿಲ್ಲ. ಆ ಕತ್ತಿಯನ್ನೇ ಸಭಾಂಗಣಕ್ಕೂ ತನ್ನಿ ಎಂಬುದು ನನ್ನ ಕೋರಿಕೆ. ಯಾವ ಮಾತಿಗೆ ಎಲ್ಲಿ ಅದ್ದಬೇಕು ಎಂಬುದು ಮೊದಲೇ ತಿಳಿದಿರಲಿ ಎಂದು ಈ ಉದ್ದದ ಪತ್ರ.

ನ್ಯಾನೋ ಎಂದರೆ ಗಾತ್ರದ ಮಾತು, ಅಷ್ಟೇ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ತಲೆಗೂದಲಿನ ದಪ್ಪ 80 ಸಾವಿರದಿಂದ ಒಂದು ಲಕ್ಷ ನ್ಯಾನೋಮೀಟರ್‌ನಷ್ಟು. ಸುಮಾರು 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳಲ್ಲಿ ವಸ್ತುವಿನ ಸ್ವಭಾವವೇ ಬದಲಾಗುವುದರಿಂದ ಇಷ್ಟೆಲ್ಲ ಸುದ್ದಿ. ಇದನ್ನು ನೋಡಲು ಯಂತ್ರ ಬೇಡ, ತೋಟದ ಕಣಿಯ ಬದಿಯ ಕೆಸುವಿನ ಎಲೆ ಸಾಕು. ಅದರ ಮೇಲೆ ನೀರು ಮುತ್ತಾಗಿ ಉರುಳುವುದು ಎಲೆ ನುಣುಪಾಗಿರುವುದರಿಂದ ಅಲ್ಲ, ಒರಟಾಗಿರುವುದರಿಂದ. ಕಣ್ಣಿಗೆ ಕಾಣದ ಉಬ್ಬುಗಳು, ಉಬ್ಬಿನ ಮೇಲೆ ಮೇಣದ ನ್ಯಾನೋ ಹರಳುಗಳು, ನಡುನಡುವೆ ಸಿಕ್ಕಿಕೊಂಡ ಗಾಳಿ. ನೀರಿಗೆ ತುದಿಗಳು ಮಾತ್ರ ತಾಗುತ್ತವೆ. ಎಲೆಯ ಒಂದು ಬದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ ಹನಿ ಬಿಡಿ, ಅಲ್ಲಿ ನೀರು ಅಂಟಿಕೊಳ್ಳುತ್ತದೆ. ಉಜ್ಜದ ಬದಿಗೆ ಸೋಪಿನ ನೀರು ಬಿಟ್ಟರೆ ಅಲ್ಲಿಯೂ ಹನಿ ಹರಡುತ್ತದೆ. ಮದ್ದಿಗೆ ಅಂಟು ಬೆರೆಸುವುದರ ಹಿಂದೆ ಇರುವುದೂ ಇದೇ ಲೆಕ್ಕ. ಮಗುವಿಗೆ ಇದನ್ನು ಮನೆಯಲ್ಲೇ ಮಾಡಿಸಿ. ಆಮೇಲೆ ಕೈ ತೊಳೆದುಕೊಳ್ಳಲಿ, ಕೆಸು ಕೆಲವರಿಗೆ ತುರಿಸುತ್ತದೆ.

ಸಭಾಂಗಣದಲ್ಲಿ ತೋರಿಸುವುದು ನ್ಯಾನೋ ಬೆಳ್ಳಿ. 10 ಗ್ರಾಂ ತುಳಸಿ ಎಲೆಯನ್ನು 100 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ 10 ನಿಮಿಷ ಕುದಿಸಿ ಸೋಸಿದ ಕಷಾಯ 10 ಮಿ.ಲೀ.; ಅದಕ್ಕೆ 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ ದ್ರಾವಣ 90 ಮಿ.ಲೀ. ಎಲೆಯ ರಸದಲ್ಲಿರುವ ವಸ್ತುಗಳು ಬೆಳ್ಳಿಯ ಅಯಾನುಗಳಿಗೆ (ವಿದ್ಯುದಂಶ ಹೊತ್ತ ಪರಮಾಣುಗಳಿಗೆ) ಎಲೆಕ್ಟ್ರಾನ್ ಕೊಟ್ಟು ಅವನ್ನು ಬೆಳ್ಳಿಯ ಕಣಗಳಾಗಿಸುತ್ತವೆ. ದ್ರಾವಣ ಹಳದಿಗೆ, ಮತ್ತೆ ಕಂದಿಗೆ ತಿರುಗುತ್ತದೆ. ಬೆಳ್ಳಿ ಬಿಳಿಯಲ್ಲವೇ, ಕಂದು ಯಾಕೆ? ಅಷ್ಟು ಸಣ್ಣ ಕಣದಲ್ಲಿ ಎಲೆಕ್ಟ್ರಾನುಗಳು ಬೆಳಕಿನೊಂದಿಗೆ ಒಟ್ಟಾಗಿ ಓಲಾಡುತ್ತವೆ, ನೇರಳೆ ನೀಲಿಯ ಪಾಲನ್ನು ಹೀರಿ ಉಳಿದದ್ದನ್ನು ಬಿಡುತ್ತವೆ. ಬಣ್ಣ ಬರಲು ಅರ್ಧ ಗಂಟೆಯಿಂದ ಕೆಲವು ಗಂಟೆ ಬೇಕು, ಅದಕ್ಕೆ ಬೇರೆ ಬೇರೆ ಹೊತ್ತಿಗೆ ಬೆರೆಸಿದ ಮೂರು ಗ್ಲಾಸುಗಳನ್ನು ಸಾಲಾಗಿ ಇಡುತ್ತೇವೆ.

ಇಲ್ಲಿ ಕೆಡುವ ಜಾಗ ಎರಡು. ಒಂದು ತೂಕ: 1 ಮಿಲಿಮೋಲಾರ್ ಎಂದರೆ 100 ಮಿ.ಲೀ.ಗೆ 17 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್. ಶಾಲೆಯ ತಕ್ಕಡಿಗೆ ಅದು ಸಿಗುವುದಿಲ್ಲ. ಆದ್ದರಿಂದ 170 ಮಿಲಿಗ್ರಾಂ ತೂಗಿ 100 ಮಿ.ಲೀ. ಮಾಡಿ, ಅದರ 10 ಮಿ.ಲೀ. ತೆಗೆದು ಮತ್ತೆ 100ಕ್ಕೆ ಏರಿಸಬೇಕು. ಎರಡನೆಯದು ನೀರು. ಕರಾವಳಿಯ ಬಾವಿ ನೀರಿನಲ್ಲಿ ಉಪ್ಪಿನ ಅಂಶ ಇರುವುದರಿಂದ ದ್ರಾವಣ ಅಲ್ಲಿಯೇ ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಸಿಲ್ವರ್ ಕ್ಲೋರೈಡ್, ನ್ಯಾನೋ ಬೆಳ್ಳಿಯಲ್ಲ. ಗುಡ್ಡ ಕೊರೆದು ತೆಗೆದ ಸುರಂಗದ ನೀರು ಕುಡಿಯಲು ಎಷ್ಟೇ ಸಿಹಿಯಾದರೂ ಈ ಕೆಲಸಕ್ಕೆ ಬೇಡ. ಗ್ಲಾಸನ್ನೂ ಡಿಸ್ಟಿಲ್ಡ್ ನೀರಿನಿಂದಲೇ ತೊಳೆಯಬೇಕು. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ಹಲವು ದಿನ ಹೋಗುವುದಿಲ್ಲ, ಕಣ್ಣಿಗೆ ಬಿದ್ದರೆ ಅಪಾಯ. ಅದನ್ನು ಶಿಕ್ಷಕರೇ ಕೈಗವಸು, ಕನ್ನಡಕ ಹಾಕಿ ಬೆರೆಸುತ್ತಾರೆ.

ಕಣ ಇದೆಯೇ ಎಂದು ನೋಡಲು ದ್ರಾವಣಕ್ಕೆ ಬೆಳಕಿನ ಕಿರಣ ಹಾಯಿಸುತ್ತೇವೆ, ದಾರಿ ಹೊಗೆಯಂತೆ ಕಾಣುತ್ತದೆ. ಜಾತ್ರೆಯಲ್ಲಿ ಕೊಂಡ ಹಸಿರು ಲೇಸರನ್ನು ಮಕ್ಕಳ ಕೈಯಲ್ಲಿ ದಯವಿಟ್ಟು ಕಳಿಸಬೇಡಿ. ಅವುಗಳ ಬಲ ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚಿರುವುದುಂಟು, ಕಣ್ಣಿನ ಪರದೆ ಸುಟ್ಟರೆ ಮರಳಿ ಬರುವುದಿಲ್ಲ. ಮೊಬೈಲಿನ ಟಾರ್ಚಿಗೆ ಸಣ್ಣ ತೂತು ಮಾಡಿದ ರಟ್ಟು ಹಿಡಿದರೆ ಸಾಕು. ಒಂದು ಎಚ್ಚರಿಕೆ: ಒಂದು ಹನಿ ಹಾಲು ಬೆರೆಸಿದ ನೀರಿನಲ್ಲಿಯೂ ದಾರಿ ಕಾಣುತ್ತದೆ, ಆದರೆ ಹಾಲಿನ ಕೊಬ್ಬಿನ ಹನಿಗಳು ನ್ಯಾನೋಗಿಂತ ಎಷ್ಟೋ ದೊಡ್ಡವು. ದಾರಿ ಕಂಡರೆ ಕಣವಿದೆ ಎಂದಷ್ಟೇ ತಿಳಿಯುತ್ತದೆ, ಗಾತ್ರ ತಿಳಿಯುವುದಿಲ್ಲ. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಂಥ ಉಪಕರಣ ಬೇಕು.

ಜೈವಿಕ ತಂತ್ರಜ್ಞಾನದ ಪಾಲು ಮನೆಯಿಂದಲೇ ಶುರುವಾಗಲಿ. ಬಾಳೆಹಣ್ಣಿನಿಂದ ಡಿಎನ್‌ಎ, ಅಂದರೆ ಜೀವಿಯ ಗುಣಗಳನ್ನು ಹೊತ್ತ ಎಳೆ, ತೆಗೆಯುವ ಬಗೆ ಇದು. ಪೂರ್ತಿ ಹಣ್ಣಾದ ಅರ್ಧ ಕದಳಿ ಬಾಳೆಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಯಿಂದ ಎರಡು ನಿಮಿಷ ಕಿವುಚಿ. 100 ಮಿ.ಲೀ. ನೀರಿಗೆ ಒಂದು ಸಣ್ಣ ಚಮಚ ಉಪ್ಪು, ಎರಡು ಸಣ್ಣ ಚಮಚ ಪಾತ್ರೆ ತೊಳೆಯುವ ದ್ರವ ಸೇರಿಸಿ ನೊರೆ ಏಳದಂತೆ ಕಲಕಿ, ಹಣ್ಣಿಗೆ ಬೆರೆಸಿ 10 ನಿಮಿಷ ಬಿಡಿ. ತೆಳು ಬಟ್ಟೆಯಲ್ಲಿ ಹಿಂಡದೆ ಸೋಸಿ. ಸಪೂರ ಗ್ಲಾಸಿನಲ್ಲಿ ಎರಡು ಬೆರಳಿನಷ್ಟು ಸೋಸಿದ ರಸ ತೆಗೆದುಕೊಂಡು, ಗ್ಲಾಸನ್ನು ಓರೆ ಹಿಡಿದು, ಫ್ರೀಜರಿನಲ್ಲಿ ಕೆಲವು ಗಂಟೆ ಇಟ್ಟ ಐಸೋಪ್ರೊಪೈಲ್ ಆಲ್ಕೋಹಾಲನ್ನು ಅಷ್ಟೇ ಪ್ರಮಾಣದಲ್ಲಿ ಬದಿಯಿಂದ ಮೆಲ್ಲನೆ ಇಳಿಸಿ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮುಚ್ಚಳ ಬಿಗಿಯಾಗಿರಲಿ, ಹತ್ತಿರ ಒಲೆ ಉರಿಯುತ್ತಿರಬಾರದು. ಐದಾರು ನಿಮಿಷದಲ್ಲಿ ಎರಡೂ ಸೇರುವಲ್ಲಿ ಹತ್ತಿಯಂಥ ಬಿಳಿ ಎಳೆ ಏಳುತ್ತದೆ. ಹಿಡಿಸೂಡಿ ಕಡ್ಡಿಯಲ್ಲಿ ಸುತ್ತಿ ತೆಗೆಯಬಹುದು.

ಸೋಪು ಕೋಶದ ಕೊಬ್ಬಿನ ಪೊರೆಯನ್ನು ಒಡೆಯುತ್ತದೆ, ಉಪ್ಪು ಡಿಎನ್‌ಎ ಎಳೆಗಳ ಋಣ ವಿದ್ಯುದಂಶವನ್ನು ತಣಿಸಿ ಅವು ಒಂದಕ್ಕೊಂದು ಸೇರುವಂತೆ ಮಾಡುತ್ತದೆ, ಆಲ್ಕೋಹಾಲಿನಲ್ಲಿ ಡಿಎನ್‌ಎ ಕರಗದ್ದರಿಂದ ಹೊರಬರುತ್ತದೆ. ಬರಲಿಲ್ಲ ಎಂದರೆ ಸಾಮಾನ್ಯವಾಗಿ ಕಾರಣ ಇವೇ: ಮಿಕ್ಸಿಗೆ ಹಾಕಿದ್ದು (ಎಳೆ ತುಂಡಾಗುತ್ತದೆ, ನೊರೆ ಬರುತ್ತದೆ), ಆಲ್ಕೋಹಾಲು ತಣ್ಣಗಿಲ್ಲದ್ದು, ಒಮ್ಮೆಗೇ ಸುರಿದದ್ದು, ಅದರ ಬದಲು ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಹಾಕಿದ್ದು. ಇನ್ನೊಂದು ಮಾತನ್ನು ಹೆಚ್ಚಿನವರು ಹೇಳುವುದಿಲ್ಲ: ಏಳುವ ಬಿಳಿಯೆಲ್ಲ ಡಿಎನ್‌ಎ ಅಲ್ಲ, ಹಣ್ಣಿನ ಪೆಕ್ಟಿನ್ ಎಂಬ ಅಂಟು ಕೂಡ ಆಲ್ಕೋಹಾಲಿನಲ್ಲಿ ಹೀಗೆಯೇ ಹೊರಬರುತ್ತದೆ.

ಅಡಿಕೆಯ ಹಳದಿ ಎಲೆ ರೋಗದ ಮಾತು ಖಂಡಿತ ಏಳುತ್ತದೆ, ಹಾಗಾಗಿ ಡಿಎನ್‌ಎ ತುಣುಕಿನ ಪ್ರತಿ ತೆಗೆದು ಹೆಚ್ಚಿಸುವ ಪಿಸಿಆರ್ ಎಂಬ ಪರೀಕ್ಷೆಯ ಬಗ್ಗೆ ಎರಡು ಸಾಲು. ಈ ರೋಗವನ್ನು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಗೆ ಜೋಡಿಸುತ್ತಾರೆ. ಅದನ್ನು ಬೇರೆ ಬ್ಯಾಕ್ಟೀರಿಯಾಗಳಂತೆ ತಟ್ಟೆಯಲ್ಲಿ ಬೆಳೆಸಿ ನೋಡುವುದು ಸುಲಭವಲ್ಲ, ಡಿಎನ್‌ಎ ಹುಡುಕಬೇಕು. 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎ ಎರಡು ಎಳೆಯಾಗಿ ಬಿಡಿಸಿಕೊಳ್ಳುತ್ತದೆ, 55ರ ಆಸುಪಾಸಿಗೆ ಇಳಿಸಿದರೆ ನಾವು ಹಾಕಿದ ಗುರುತಿನ ತುಣುಕು ಹೋಗಿ ಅಂಟುತ್ತದೆ, 72ರಲ್ಲಿ ಕಿಣ್ವ ಪ್ರತಿ ತೆಗೆಯುತ್ತದೆ. ಪ್ರತಿ ಸುತ್ತಿಗೂ ಇಮ್ಮಡಿ. ಒಂದೂ ತಪ್ಪದೆ 30 ಸುತ್ತು ನಡೆದರೆ ಒಂದು ತುಣುಕು ಸುಮಾರು 107 ಕೋಟಿ. ಆದರೆ ಈ ಜೀವಿ ಮರದಲ್ಲಿ ಎಲ್ಲೆಡೆ ಸಮನಾಗಿ ಇರುವುದಿಲ್ಲ, ಪ್ರಮಾಣವೂ ಕಡಿಮೆ. ಆದ್ದರಿಂದ ಒಂದು ಸೋಗೆಯ ಮಾದರಿಯಲ್ಲಿ 'ಇಲ್ಲ' ಎಂದು ಬಂದರೆ ಮರದಲ್ಲಿ ಇಲ್ಲ ಎಂದಲ್ಲ. ಎಷ್ಟು ಮಾದರಿ, ಮರದ ಯಾವ ಭಾಗದ್ದು ಎಂದು ಕೇಳಿ.

ಕ್ವಾಂಟಂ ಬಗ್ಗೆ ಪತ್ರಿಕೆಗಳಲ್ಲಿ ಬರುವ ಉಪಮೆಗಳಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಕ್ವಾಂಟಂ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಟ್ಟಿಗೆ ಹುಡುಕಿ ಸರಿಯಾದದ್ದನ್ನು ಕೊಡುತ್ತದೆ ಎನ್ನುವುದು ಸುಳ್ಳು. ಅಳೆದಾಗ ಕೈಗೆ ಬರುವುದು ಒಂದೇ ಉತ್ತರ, ಅದೂ ಅದೃಷ್ಟದ ಮೇಲೆ. ಕೆರೆಯಲ್ಲಿ ಎರಡು ಅಲೆ ಎದುರಾದಾಗ ಉಬ್ಬು ತಗ್ಗು ಸೇರಿ ಸಮವಾಗುವುದುಂಟಲ್ಲ, ಹಾಗೆ ತಪ್ಪು ಉತ್ತರದ ಅಲೆಗಳು ಅಳಿದು ಸರಿಯುತ್ತರದ ಅಲೆ ಬಲಿಯುವಂತೆ ಲೆಕ್ಕವನ್ನು ಹೆಣೆಯುವುದೇ ಅಲ್ಲಿನ ಜಾಣ್ಮೆ. ಹಾಗೆ ಹೆಣೆಯಲು ಬರುವ ಲೆಕ್ಕಗಳು ಕೆಲವೇ. ಸೊನ್ನೆಗೆ 273 ಡಿಗ್ರಿ ಕೆಳಗಿನ ಕಟ್ಟಕಡೆಯ ಶೀತದ ಹತ್ತಿರ, ಒಂದು ಡಿಗ್ರಿಯ ನೂರರ ಒಂದೆರಡು ಪಾಲಿನಷ್ಟೇ ಮೇಲೆ, ಹಲವು ಯಂತ್ರಗಳ ಚಿಪ್ ಅನ್ನು ಇಡಬೇಕಾಗುತ್ತದೆ; ಸ್ವಲ್ಪ ಬಿಸಿಯಾದರೂ ಅಲೆ ಕದಡುತ್ತದೆ. ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿ ಒಪ್ಪಿದೆ. ನಮ್ಮ ತೆರಿಗೆಯ ಹಣ, ಯಾವ ಲೆಕ್ಕಕ್ಕೆ ಎಂದು ಕೇಳುವ ಹಕ್ಕು ನಮ್ಮದು.

ಮೇಜಿನ ಮೇಲಿರುವುದು ಮಾತ್ರ ಸಾಧಾರಣ ಎಲ್‌ಇಡಿ. ಟಾರ್ಚಿನ ಮೂರು ಸೆಲ್ಲು, 1 ಕಿಲೋಓಮ್ ಪೊಟೆನ್ಶಿಯೋಮೀಟರ್, 330 ಓಮ್ ರೆಸಿಸ್ಟರ್, ಮಲ್ಟಿಮೀಟರ್. ವೋಲ್ಟೇಜ್ ಮೆಲ್ಲನೆ ಏರಿಸುತ್ತ ಹೋದರೆ ಕೆಂಪು ದೀಪ ಸುಮಾರು 1.7ಕ್ಕೆ, ನೀಲಿ ಸುಮಾರು 2.5ಕ್ಕೆ ಮಿಣುಕುತ್ತದೆ. ನೀಲಿ ಬೆಳಕಿನ ಒಂದೊಂದು ಕಣಕ್ಕೂ ಹೆಚ್ಚು ಶಕ್ತಿ ಬೇಕು, ಅರ್ಧ ಕಣ ಎಂಬುದಿಲ್ಲ. ಕ್ವಾಂಟಂ ಎಂಬ ಹೆಸರು ಬಂದದ್ದೇ ಇದರಿಂದ. ಅಲೆಯುದ್ದ 630 ಮತ್ತು 470 ನ್ಯಾನೋಮೀಟರ್ ಎಂದು ಹಿಡಿದರೆ ಮಕ್ಕಳಿಗೆ ಬೆಳಕಿನ ಕಣದ ಶಕ್ತಿಯನ್ನು ಅದರ ಬಣ್ಣಕ್ಕೆ ಜೋಡಿಸುವ ಪ್ಲಾಂಕ್ ಸ್ಥಿರಾಂಕ 5.7ರಿಂದ 6.3ರೊಳಗೆ (ಹತ್ತರ ಋಣ 34ನೆಯ ಘಾತ) ಬಂದೀತು, ನಿಜವಾದದ್ದು 6.626. ಮೀಟರಿನ ಕಡ್ಡಿಗಳನ್ನು ಎಲ್‌ಇಡಿಯ ಎರಡು ಕಾಲುಗಳಿಗೇ ಹಿಡಿಯಬೇಕು, ರೆಸಿಸ್ಟರನ್ನು ಸೇರಿಸಿ ಹಿಡಿದರೆ ಅಂಕಿ ಮೇಲೆ ಹೋಗುತ್ತದೆ. ಬಿಳಿ ಎಲ್‌ಇಡಿ ಬೇಡ: ಒಳಗಿರುವುದು ಸಾಮಾನ್ಯವಾಗಿ ನೀಲಿಯೇ, ಮೇಲಿನ ಪುಡಿ ಅದನ್ನು ಬಿಳಿ ಮಾಡುತ್ತದೆ.

ಇನ್ನು ಕತ್ತಿ ಅದ್ದುವ ಒಂದು ಲೆಕ್ಕ. ಒಂದು ಬಾಟಲಿ ನ್ಯಾನೋ ಯೂರಿಯಾ ಒಂದು ಚೀಲ ಯೂರಿಯಾಕ್ಕೆ ಸಮ ಎಂಬ ಮಾತಿದೆ. ನ್ಯಾನೋ ಯೂರಿಯಾದ 500 ಮಿ.ಲೀ. ಬಾಟಲಿಯ ಮೇಲೆ ಸಾರಜನಕ ಶೇಕಡಾ 4 ಎಂದಿದ್ದರೆ ಒಳಗಿರುವುದು 20 ಗ್ರಾಂ. 45 ಕಿಲೋ ಚೀಲದ ಯೂರಿಯಾದಲ್ಲಿ ಶೇಕಡಾ 46ರಂತೆ 20.7 ಕಿಲೋ. ಸಾವಿರ ಪಾಲಿನ ವ್ಯತ್ಯಾಸ. ಬುಡಕ್ಕೆ ಹಾಕಿದ್ದರಲ್ಲಿ ದೊಡ್ಡ ಪಾಲು ನೀರಿಗೆ, ಗಾಳಿಗೆ ಹೋಗುತ್ತದೆ, ಎಲೆಗೆ ಸಿಂಪಡಿಸಿದ್ದು ನೇರ ಒಳಸೇರುತ್ತದೆ ಎಂಬುದು ಪರವಾದ ವಾದ. ಅದು ಸಾವಿರ ಪಾಲನ್ನು ತುಂಬುತ್ತದೆಯೇ ಎಂಬುದರಲ್ಲಿ ವಿಜ್ಞಾನಿಗಳೊಳಗೇ ಒಮ್ಮತವಿಲ್ಲ. ಕೇಳಿ: ಯಾವ ಬೆಳೆಗೆ, ಎಷ್ಟು ವರ್ಷ, ಪಕ್ಕದಲ್ಲಿ ಏನೂ ಹಾಕದ ತಾಕು ಇಟ್ಟು ನೋಡಿದ್ದಾರೆಯೇ?

ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು 2025ರ ಮೇ ತಿಂಗಳಲ್ಲಿ ದೇಶದಲ್ಲಿ ಪ್ರಕಟಿಸಿದ್ದಾರೆ. ಬೇರೆ ಜೀವಿಯ ಜೀನ್ ಸೇರಿಸಿದ ಬಿಟಿ ಹತ್ತಿಗೂ ಇದಕ್ಕೂ ವ್ಯತ್ಯಾಸವೇನು ಎಂಬುದೂ ಒಳ್ಳೆಯ ಪ್ರಶ್ನೆ.

'ಸುರಕ್ಷಿತ' ಎಂಬ ಪದ ಬಂದಾಗ ಮಾತ್ರ ಸುಮ್ಮನಿರಬೇಡಿ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳು ನಮ್ಮ ಸುತ್ತಲಿನವು. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರ ಮೇ 13ರಂದು. ಅತಿಥಿಗಳಿಗೂ ಇದನ್ನು ತಿಳಿಸಿದ್ದೇವೆ: ಯಾವ ಪ್ರಮಾಣದಲ್ಲಿ, ಯಾರ ಮೇಲೆ, ಎಷ್ಟು ಕಾಲ ನೋಡಿ ಸುರಕ್ಷಿತ ಎಂದಿರಿ ಎಂದು ಇಲ್ಲಿಯವರು ಕೇಳಿಯೇ ಕೇಳುತ್ತಾರೆ, ಅದನ್ನು ಅವಮಾನವೆಂದು ತಿಳಿಯಬೇಡಿ ಎಂದು.

ಪ್ರಶ್ನೆ ತುಳುವಿನಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಇರಲಿ, ಕನ್ನಡಕ್ಕೆ ತಿರುಗಿಸಿ ಹೇಳಲು ಶಿಕ್ಷಕರಿದ್ದಾರೆ. ಕೆಳಗಿನ ಚೀಟಿಯಲ್ಲಿ ಒಂದು ಪ್ರಶ್ನೆ ಬರೆದು ಫೆಬ್ರವರಿ 20ರೊಳಗೆ ಮಗುವಿನ ಕೈಯಲ್ಲಿ ಕಳಿಸಿ. ಬರೆಯಲು ಬಿಡುವಿಲ್ಲದವರು ಕ್ಲಾಸ್ ಟೀಚರಿಗೆ ಫೋನಿನಲ್ಲಿ ಹೇಳಿದರೂ ಸಾಕು. ಮಕ್ಕಳು ಒಂದು ಹಣ್ಣಾದ ಕದಳಿ, ಒಂದು ಕೆಸುವಿನ ಎಲೆ (ಮಡಚದೆ, ಉಜ್ಜದೆ) ತರಲಿ. ಆಲ್ಕೋಹಾಲು ಶಾಲೆಯಲ್ಲೇ ಇರುತ್ತದೆ, ಯಾರೂ ಕೊಟ್ಟು ಕಳಿಸಬೇಡಿ. ಬೆಳ್ಳಿಯ ದ್ರಾವಣದ ಉಳಿಕೆಯನ್ನು ಮೋರಿಗೆ ಚೆಲ್ಲದೆ ಉಪ್ಪು ಹಾಕಿ ತಳಕ್ಕೆ ಇಳಿಸಿ, ಗುರುತು ಬರೆದ ಬಾಟಲಿಯಲ್ಲಿ ಪ್ರಯೋಗಾಲಯದ ಬೀಗದೊಳಗೆ ಇಡುತ್ತೇವೆ. ಮಧ್ಯಾಹ್ನ 12.30ಕ್ಕೆ ಗಂಜಿ, ಪಲ್ಯ. ಬಸ್ಸಿನಲ್ಲಿ ಬರುವ ಮಕ್ಕಳನ್ನು 1.15ಕ್ಕೆ ಬಿಡುತ್ತೇವೆ.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ

(ಇಲ್ಲಿ ಕತ್ತರಿಸಿ)
ಮಗುವಿನ ಹೆಸರು, ತರಗತಿ:
ಮನೆಯಿಂದ ಬರುವವರು ಎಷ್ಟು ಮಂದಿ:
ಕೇಳಬೇಕಾದ ಪ್ರಶ್ನೆ:
ರಕ್ಷಕರ ಸಹಿ: