ನಾಲ್ಕು ಟ್ರ್ಯಾಕು, ಒಂದು ಹಳದಿ ಸ್ಕೂಟರು

ಲೇ ದೋಸ್ತ,

ನಿನ್ನ ಎಂಟನೇ ಹಾಡಿನ ಮಿಕ್ಸ್, ಅಂದರೆ ದನಿ-ವಾದ್ಯ ಎಲ್ಲ ಹದವಾಗಿ ಬೆರೆಸಿದ್ದು, ಎಲ್ಲಿ ಅಂತ ಮೂರು ಸಲ ಕೇಳಿದ್ದೀ. ಗೋವಾದ ಮಾಪ್ಸಾದಲ್ಲಿ ಮಳೆ, ಕರೆಂಟಿಲ್ಲ ಅಂದೆನಲ್ಲ, ಅದು ಅರ್ಧ ಸತ್ಯ. ಉಳಿದರ್ಧ ಇಲ್ಲಿ, ಎಲ್ಲರ ಮುಂದೆ. ನೀನು ಬೈಯುವಾಗ ಸಾಕ್ಷಿಗೆ ನಾಲ್ಕು ಜನ ಇರಲಿ.

ಇಲ್ಲೇ ಪಕ್ಕದ ಶಿವೋಲಿಯಲ್ಲಿ ಗಾಯಕ ರೆಮೊ ಫರ್ನಾಂಡಿಸ್ ತನ್ನ ಮೊದಲ ಆಲ್ಬಮ್ 'ಗೋವನ್ ಕ್ರೇಜಿ'ಯನ್ನು ಮನೆಯಲ್ಲೇ ರೆಕಾರ್ಡ್ ಮಾಡಿದ, 1984ರಲ್ಲಿ. ವಾದ್ಯ, ದನಿ ಎಲ್ಲ ಒಬ್ಬನವೇ. ಆಮೇಲೆ ಹಳದಿ ಸ್ಕೂಟರಿನಲ್ಲಿ ಅಂಗಡಿ ಅಂಗಡಿಗೆ ತಾನೇ ಕ್ಯಾಸೆಟ್ ಹಂಚಿದ. ಇದ್ದದ್ದು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ, ಅಂದರೆ ಒಂದೇ ಟೇಪಿನಲ್ಲಿ ನಾಲ್ಕು ದನಿ ಬೇರೆಬೇರೆಯಾಗಿ ಹಿಡಿಯುವಂಥದ್ದು.

ನಾಲ್ಕು ಟ್ರ್ಯಾಕಿನ ಸಂಸಾರ ಹೇಗೆ ಗೊತ್ತಲ್ಲ? ಒಂದರಲ್ಲಿ ತಾಳ, ಎರಡರಲ್ಲಿ ತಗ್ಗು ಸ್ವರದ ಬೇಸ್, ಮೂರರಲ್ಲಿ ಗಿಟಾರ್. ಮೂರನ್ನೂ ಬೆರೆಸಿ ನಾಲ್ಕಕ್ಕೆ ಬೌನ್ಸ್ ಮಾಡಬೇಕು, ಮೊದಲಿನ ಮೂರನ್ನು ಅಳಿಸಿ ಅಲ್ಲಿ ದನಿ ಹಾಡಬೇಕು. ಆಮೇಲೆ ಬೇಸ್ ಜಾಸ್ತಿಯಾಯಿತು ಅನ್ನಿಸಿದರೆ ಮುಗೀತು, ಮಜ್ಜಿಗೆಯಿಂದ ನೀರು ಹೊರತೆಗೆದ ಹಾಗೆ. ಪ್ರತಿ ಬೌನ್ಸಿಗೂ ಟೇಪಿನ 'ಸ್ಸ್' ಏರುತ್ತದೆ, ಮೇಲಿನ ಸ್ವರಗಳು ಮಂಕಾಗುತ್ತವೆ. ಅದಕ್ಕೇ ಡ್ರಮ್ಮಿನ ಜೋಡಿ ತಾಳದ ತಟ್ಟೆಯನ್ನು, ಅಂದರೆ ಹೈಹ್ಯಾಟನ್ನು, ಮೊದಲೇ ತುಸು ಜಾಸ್ತಿ ಚೂಪಾಗಿ ಇಡುವುದು. ಒಂದಕ್ಷರ ಹಾಡುವ ಮುಂಚೆಯೇ ದನಿಗೆ ಎಷ್ಟು ಜಾಗ ಅಂತ ತೀರ್ಮಾನವಾಗಿರಬೇಕು.

ನಿನ್ನ ಈ ಹಾಡಲ್ಲಿ 46 ಟ್ರ್ಯಾಕಿವೆ. ಗಿಟಾರಿನವೇ ಒಂಬತ್ತು. ಯಾವುದನ್ನೂ ಅಳಿಸಬೇಕಿಲ್ಲ, ಹಾಗಾಗಿ ಯಾವುದೂ ತೀರ್ಮಾನವಾಗಿಲ್ಲ.

ನಿನ್ನ ಪುಣೆಯ ರೂಮಿನ ರೆಕಾರ್ಡಿಂಗಲ್ಲಿ 'ಭ' ಬಂದಲ್ಲೆಲ್ಲ ಮೈಕ್ 'ಡಬ್' ಅಂದಿದೆ. 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸ್ವರವನ್ನೆಲ್ಲ ಕತ್ತರಿಸಿದೆ, ಅರ್ಧ ಹೋಯಿತು. ಉಳಿದದ್ದಕ್ಕೆ ಮದ್ದಿಲ್ಲ, ಎರಡನೇ ಚರಣ ಮತ್ತೆ ಹಾಡು. ಮೈಕಿಗೆ ಒಂದು ಗೇಣು ದೂರ ನಿಲ್ಲು. ಅದು ಬಾಯಿಗೆ ನೇರ ಬೇಡ, ಉಸಿರು ಪಕ್ಕಕ್ಕೆ ಹಾಯುವಂತೆ ತುಸು ಓರೆ ಇರಲಿ. ಫ್ಯಾನ್ ಆಫ್. ಬೆವರಿದರೆ ಬೆವರು.

ನಿನ್ನೆ ಮಿಕ್ಸನ್ನು ಫೋನಿನ ಸ್ಪೀಕರಿನಲ್ಲಿ ಸಣ್ಣಗೆ ಹಚ್ಚಿ ಪಕ್ಕದ ಕೋಣೆಗೆ ಹೋದೆ. ಅಲ್ಲಿಂದಲೂ ಹಾಡಿನ ಮಾತು ತಿಳಿಯಬೇಕು. ಗಿಟಾರ್ ಕೇಳಿತು. ನಿನ್ನ ದನಿ ಕೇಳಲಿಲ್ಲ. ಉಳಿಸಿಟ್ಟ ಏಳೂ ಮಿಕ್ಸ್ ತೆಗೆದು ನೋಡಿದೆ: ಒಂದರಿಂದ ಇನ್ನೊಂದಕ್ಕೆ ಗಿಟಾರಿನ ಸದ್ದು ಅರ್ಧರ್ಧ ಡೆಸಿಬೆಲ್ (ಡಿಬಿ) ಏರಿದೆ. ಒಟ್ಟು ಮೂರು ಡಿಬಿ. ನುಡಿಸಿದವನು ಯಾರು ಅಂತ ನಿನಗೆ ಹೇಳಬೇಕಿಲ್ಲ. 'ಗೊತ್ತಿಲ್ಲದೇ ಆಯಿತು' ಅಂತ ಬರೆದು ಅಳಿಸಿದೆ. ಗೊತ್ತಿತ್ತು ಮಾರಾಯ. ಕವರಿನ ಫೋಟೋ ಕಳಿಸಿದೆಯಲ್ಲ, ನಿನ್ನೊಬ್ಬನದೇ ಮುಖ, ಅವತ್ತಿಂದ ಶುರು.

ಸಾಕು. ಗಿಟಾರ್ ಮೂರು ಡಿಬಿ ಇಳಿಸಿದ್ದೇನೆ, ಇಳಿಸಿದ ಮೇಲೂ ನಾನು ಬೇಸೂರು ಬಾರಿಸಿದ್ದು ಚೆನ್ನಾಗಿಯೇ ಕೇಳುತ್ತದೆ. ಹೊಸ ಚರಣವನ್ನು 24 ಬಿಟ್ ವೇವ್ ಫೈಲಾಗಿ, ಅಂದರೆ ದನಿಯನ್ನು ಕುಗ್ಗಿಸದೆ, ಕಳಿಸು. ಮತ್ತೆ ವಾಟ್ಸಾಪಿನ ವಾಯ್ಸ್ ನೋಟ್ ಕಳಿಸಿದರೆ ನೋಡು ಮಗನೇ.

ಸ್ಕೂಟರಿಗೆ ಹಳದಿ ಬಣ್ಣ ನಾನು ಹೊಡಿಸುತ್ತೇನೆ. ಪೆಟ್ರೋಲು ನಿಂದು.

ಇಂತಿ,
ನಿನ್ನ ಒಂಬತ್ತು ಗಿಟಾರಿನವ