ದೋಸ್ತ, ಮೊದಲು ಅಳತೆ ತಗೋ

ದೋಸ್ತ,

ನಿನ್ನೆ ವೈನಿ ಫೋನ್ ಮಾಡಿದ್ದರು. ನೀನು ಬಾಗಲಕೋಟೆಗೆ ವಾಪಸ್ ಬಂದು ತಿಂಗಳಾಯಿತಂತೆ, ಯಾರ ಜೊತೆಗೂ ಮಾತಿಲ್ಲವಂತೆ, ಆಪರೇಷನ್‌ನಲ್ಲಿ ಹೊಟ್ಟೆ ಮೇಲೆ ಮಾಡಿದ ಕರುಳಿನ ಬಾಯಿಗೆ (ಅದಕ್ಕೇ ಸ್ಟೋಮಾ ಅನ್ನೋದು) ಮಲ ಹಿಡಿಯಲು ಹಚ್ಚುವ ಚೀಲ ದಿನಕ್ಕೆ ಎರಡು ಸಲ ಕಿತ್ತು ಬರುತ್ತಿದೆಯಂತೆ. ಫೋನ್ ಮಾಡಿದರೆ ನೀನು ಹೂಂ ಹೂಂ ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಾಚಿಕೆಗೆ ಬಾಯಿ ಬಿಡದವರು ಇನ್ನೂ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಬೈಬೇಡ.

ಸುತ್ತ ಚರ್ಮ ಸುಟ್ಟ ಹಾಗೆ ಕೆಂಪಾಗಿದೆ ಅಲ್ವಾ? ನನಗೂ ಆಗಿತ್ತು. ಆಪರೇಷನ್ ಚೆನ್ನಾಗಿಯೇ ಮಾಡಿದ್ದರು. ಆದರೆ ಮನೆಗೆ ಕಳಿಸುವ ದಿನ ಒಬ್ಬ ಹುಡುಗ ಬಂದು ಐದು ನಿಮಿಷದಲ್ಲಿ ಚೀಲ ಹಚ್ಚಿ ತೋರಿಸಿ ಹೋದ. ಅವನು ಚೀಲದ ಅಂಟಿನಲ್ಲಿ ಕತ್ತರಿಸಿದ ತೂತಿನ ಅಳತೆಯನ್ನೇ ಎರಡು ತಿಂಗಳು ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕತ್ತರಿಸಿದೆ. ಉರಿಗೆ ರಾತ್ರಿ ನಿದ್ದೆ ಇಲ್ಲ. ಕೊಬ್ಬರಿ ಎಣ್ಣೆ ಬೇರೆ ಸವರಿದೆ. ಎಣ್ಣೆ ಮೇಲೆ ಅಂಟು ಹಿಡಿಯುತ್ತದಾ? ಮತ್ತೆ ಸೋರಿತು.

ಕೊನೆಗೆ ಸೋಲಾಪುರದ ಮೇಲೆ ಮುಂಬೈಗೆ ಹೋದೆ. ಅಲ್ಲಿ ಸ್ಟೋಮಾ ನರ್ಸ್ ಅಂತಲೇ ಇರುತ್ತಾರೆ, ಈ ಕೆಲಸವನ್ನೇ ಕಲಿತವರು. ಆ ಅಕ್ಕ ತೂತುಗಳಿರುವ ಒಂದು ಕಾರ್ಡ್ ತಗೊಂಡು ಕರುಳಿನ ಬಾಯಿ ಮೇಲೆ ಒಂದೊಂದೇ ಇಟ್ಟು ನೋಡಿದರು. 28 ಮಿಲಿಮೀಟರ್. ನಾನು ಕತ್ತರಿಸುತ್ತಿದ್ದದ್ದು 38! ಆಪರೇಷನ್ ಆದ ಮೇಲೆ ಆರೆಂಟು ವಾರ ಬಾವು ಇಳಿದು ಅದು ಸಣ್ಣದಾಗುತ್ತಾ ಹೋಗುತ್ತದಂತೆ. ನಮ್ಮದು ಸಣ್ಣ ಕರುಳಿನದು, ಅದರಿಂದ ಬರೋದರಲ್ಲಿ ಊಟ ಕರಗಿಸುವ ರಸ ಇರುತ್ತದೆ, ಚರ್ಮ ಬರಿದಾಗಿ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಸುತ್ತ 2 ಮಿಲಿಮೀಟರ್ ಬಿಟ್ಟರೆ ಸಾಕು. ಬರೀ ನೀರಲ್ಲಿ ತೊಳೆದು, ಒರೆಸಿ, ಸ್ಟೋಮಾಗೆಂದೇ ಇರುವ ಪುಡಿ ಉದುರಿಸಿ, ಜಾಸ್ತಿಯಾದದ್ದನ್ನು ಕೊಡವಿ, ಚೀಲ ಹಚ್ಚಿದ ಮೇಲೆ ಅಂಗೈ ಇಟ್ಟು ಸುಮ್ನೆ ಕೂತರು. ಮೈ ಬಿಸಿಗೆ ಅಂಟು ಕೂರುತ್ತದೆ ಅಂತ. ಆ ಚೀಲ ನಾನು ವಿಜಯಪುರ ಮುಟ್ಟಿದ ಮೇಲೂ ಮೂರು ದಿನ ಅಲುಗಲಿಲ್ಲ.

ಸಿಟ್ಟು ಬರೋದು ಇಲ್ಲೇ ನೋಡು. ನಮ್ಮ ಬಾಗಲಕೋಟೆ, ವಿಜಯಪುರ ಎರಡೂ ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ನಾನು ಮಾತ್ರ ಒಂದು ರಟ್ಟಿನ ಕಾರ್ಡಿಗಾಗಿ ಮುಂಬೈ ಕಂಡೆ. ನೀನು ಮೊದಲು ಇಲ್ಲೇ ಸರ್ಜರಿ ವಿಭಾಗದಲ್ಲಿ ಸ್ಟೋಮಾ ನೋಡುವ ನರ್ಸ್ ಇದ್ದಾರಾ ಅಂತ ಬಾಯಿಬಿಟ್ಟು ಕೇಳು.

ಚೀಲ ಮೂರರಲ್ಲಿ ಒಂದು ಪಾಲು ತುಂಬಿದಾಗಲೇ ಖಾಲಿ ಮಾಡು. ನಮ್ಮ ಬಿಸಿಲಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ, ಒಆರ್‌ಎಸ್ ಮನೆಯಲ್ಲಿರಲಿ. ಇಡೀ ಶೇಂಗಾ, ಗೋವಿನಜೋಳದ ತೆನೆ ಸದ್ಯ ಮುಟ್ಟಬೇಡ, ಸಿಕ್ಕಿಕೊಳ್ಳುತ್ತದೆ. ಏನೂ ಹೊರಗೆ ಬರದೆ ಹೊಟ್ಟೆ ಹಿಂಡಿ ವಾಂತಿ ಆದರೆ ನನಗೆ ಫೋನ್ ಮಾಡುತ್ತಾ ಕೂರಬೇಡ, ಸೀದಾ ದವಾಖಾನೆಗೆ ಹೋಗು.

ರವಿವಾರ ಮೊದಲನೇ ಬಸ್ಸಿಗೆ ಬರುತ್ತೇನೆ, ಕಾರ್ಡ್ ತರುತ್ತೇನೆ. ಅವತ್ತು ಬೆಳಿಗ್ಗೆ ಮಾತ್ರ ನಾನು ಬರುವವರೆಗೆ ಏನೂ ತಿನ್ನಬೇಡ, ಹೊಟ್ಟೆ ಖಾಲಿ ಇದ್ದರೆ ಚೀಲ ಬದಲಿಸೋದು ಸುಲಭ. ವೈನಿಗೆ ಎರಡು ರೊಟ್ಟಿ ಜಾಸ್ತಿ ಬಡಿಯಲು ಹೇಳು, ನಾನಂತೂ ಉಂಡೇ ಹೋಗೋದು.